ಹುಡುಗಿ ಕಡೆಯವರು

"ಉಸಿರು ಬಿಡಬೇಡ," ಎಂದಳು ಹೊಲಿಗೆ ಅಂಗಡಿಯ ಒಡತಿ, ಹಲ್ಲಿನ ಸಂದಿಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡೇ.

ಹುಡುಗಿ ಉಸಿರು ಬಿಗಿಹಿಡಿದಳು. ಸ್ಟೂಲಿನ ಮೇಲೆ ನಿಂತಿದ್ದ ಅವಳ ಮೈಮೇಲೆ ಯಾರದೋ ಮದುವೆಯ ಕೆನೆಬಣ್ಣದ ಗೌನು. ತೋಳು ಇನ್ನೂ ಕೂಡಿಸಿರಲಿಲ್ಲ. ಸೊಂಟದ ಸುತ್ತ ಪಿನ್ನುಗಳ ಸಾಲು. ಸರಿಯಾಗಿ ಆ ಹೊತ್ತಿಗೇ ಗೋಡೆಯ ಮೊಳೆಗೆ ನೇತುಹಾಕಿದ್ದ ಅವಳ ಚೀಲದೊಳಗೆ ಫೋನು ಅರಚತೊಡಗಿತು. ಅವಳು ಕೈ ಎತ್ತುವ ಹಾಗಿರಲಿಲ್ಲ, ಎತ್ತಿದರೆ ಕಂಕುಳಿಗೆ ಪಿನ್ನು. ಗುಂಡಿಗಳಿಗೆ ಕಾಜಾ ಹಾಕುವ ಮುದುಕ, ಎಲ್ಲರ ಬಾಯಲ್ಲೂ ಕಾಜಾ ತಾತ, ತಾನೇ ಎದ್ದು ಹೋಗಿ ಫೋನು ತೆಗೆದು ಅವಳ ಕಿವಿಗೆ ಹಿಡಿದ.

ಅವಳದೇ ಮದುವೆಗೆ ಗೊತ್ತುಮಾಡಿದ್ದ ಛತ್ರದ ಮ್ಯಾನೇಜರು. "ಹುಡುಗನ ಕಡೆಯ ಲೆಕ್ಕ ಬಂತಮ್ಮ. ನಿಮ್ಮದೊಂದೇ ಬಾಕಿ. ಬಲಗಡೆ ಕುರ್ಚಿ ಅವರಿಗೆ, ಎಡಗಡೆ ನಿಮಗೆ. ಹುಡುಗಿ ಕಡೆಯವರು ಎಷ್ಟು ಜನ ಆಗ್ತೀರಿ?" ಮನುಷ್ಯನ ಗಂಟಲು ದೊಡ್ಡದು, ಅಂಗಡಿಗೆಲ್ಲ ಕೇಳಿಸಿತು.

ಅಪ್ಪ, ಒಡತಿ, ಕಾಜಾ ತಾತ. ಮೂರು ಎನ್ನುವುದು ಅವಳ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಹೊಲಿಗೆ ಯಂತ್ರಗಳು ನಿಂತಿದ್ದವು, ಎಲ್ಲರೂ ತನ್ನತ್ತಲೇ ನೋಡುತ್ತಿದ್ದರು.

"ಐವತ್ತು," ಎಂದುಬಿಟ್ಟಳು.

ಒಡತಿ ಪಿನ್ನುಗಳನ್ನು ಅಂಗೈಗೆ ಉಗಿದುಕೊಂಡಳು. "ಐವತ್ತಾ? ಅಷ್ಟು ಜನಾನ ಎಲ್ಲಿಟ್ಟಿದ್ದೀಯೇ ಬೊಂಬೆ, ಬೀರು ಒಳಗಾ?"

"ನೀನ್ಯಾಕೆ ಹೆದರ್ತೀಯಮ್ಮ," ಎಂದ ಕಾಜಾ ತಾತ. "ಅಂಗಿ ಬದಲಾಯಿಸಿಕೊಂಡು ಬಂದು ನಾನೊಬ್ಬನೇ ಹತ್ತು ಜನ ಆಗ್ತೀನಿ. ಊಟಕ್ಕೆ ಮಾತ್ರ ಇಪ್ಪತ್ತು."

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕದ್ದಕ್ಕೆ ಪಕ್ಕೆಗೆ ಪಿನ್ನು ಚುಚ್ಚಿತು.

ಬೊಂಬೆ ಅನ್ನುವುದು ಈ ಅಂಗಡಿ ಇಟ್ಟ ಹೆಸರು. ಅಮ್ಮ ತೀರಿಕೊಂಡ ವರ್ಷ ಶಾಲೆ ಬಿಟ್ಟು ಗುಂಡಿ ಹಚ್ಚಲು ಬಂದವಳನ್ನು ಒಡತಿ ಅಡಿಯಿಂದ ಮುಡಿಯವರೆಗೆ ನೋಡಿ, "ಯಾರ ಅಳತೆಗಾದ್ರೂ ಹೊಂದೋ ಮೈ ನಿಂದು" ಎಂದಿದ್ದಳು. ಮದುವೆ ಗೊತ್ತಾದ ಹೆಣ್ಣುಮಕ್ಕಳಿಗೆ ಮತ್ತೆ ಮತ್ತೆ ಬಂದು ನಿಲ್ಲಲು ಪುರುಸೊತ್ತೆಲ್ಲಿ? ಒಂದು ಸಲ ಬಂದು ಅಳತೆ ಕೊಟ್ಟು ಹೋಗುತ್ತಿದ್ದರು. ಮಿಕ್ಕಿದ್ದೆಲ್ಲ ಇವಳ ಮೈಮೇಲೆ. ಮೈ ತುಂಬಿಕೊಂಡವರಿಗಾಗಿ ಹತ್ತಿ ಸುತ್ತಿಕೊಳ್ಳುತ್ತಿದ್ದಳು, ಸಣಕಲಿಯರಿಗಾಗಿ ಹೊಟ್ಟೆ ಎಳೆದುಕೊಳ್ಳುತ್ತಿದ್ದಳು. ಅಳತೆಯ ದಿನ ಮೂಲೆಯಲ್ಲಿ ಕೂತು ಬಂದವರ ನಿಲುವನ್ನು ನೋಡಿಟ್ಟುಕೊಳ್ಳುತ್ತಿದ್ದಳು: ಒಬ್ಬಳಿಗೆ ಎಡ ಭುಜ ಇಳಿಬಿದ್ದಿದೆ, ಇನ್ನೊಬ್ಬಳು ಗಲ್ಲ ಎತ್ತಿಕೊಂಡೇ ನಿಲ್ಲುತ್ತಾಳೆ. ಆಮೇಲೆ ಸ್ಟೂಲು ಹತ್ತಿ ತಾನೂ ಹಾಗೆಯೇ ನಿಲ್ಲುವಳು. ಬಟ್ಟೆ ಒಂದಿಷ್ಟೂ ಎಳೆಯದೆ ಕೂರುತ್ತಿತ್ತು. "ಈ ಮಾತು ಮಾತ್ರ ಹೊಸಿಲು ದಾಟಬಾರದು" ಎಂದು ಒಡತಿ ಹಿಂದೆಯೇ ಹೇಳಿಟ್ಟಿದ್ದಳು. ಯಾರೊಡನೆಯೂ ಮಾತೇ ಆಡದವಳಿಗೆ ಗುಟ್ಟು ಕಾಯುವುದು ಕಷ್ಟವಾಗಿರಲಿಲ್ಲ.

ಮಧ್ಯಾಹ್ನ ಹುಡುಗನ ಫೋನು ಬಂತು. ಬೇರೆ ಊರಿನಲ್ಲಿ ಲಿಫ್ಟು ರಿಪೇರಿ ಅವನ ಕೆಲಸ. ಇಬ್ಬರೂ ಮುಖಾಮುಖಿ ಕೂತದ್ದು ಎರಡೇ ಸಲ.

"ಛತ್ರದವರು ಅಮ್ಮಂಗೆ ಹೇಳಿದ್ರಂತೆ, ನಿಮ್ಮ ಕಡೆ ಐವತ್ತು ಜನ ಅಂತ. ಅಮ್ಮನ ಖುಷಿ ನೋಡಬೇಕಿತ್ತು! ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ನಮ್ಮ ದೊಡ್ಡಮ್ಮ ಎಲ್ಲರ ಕಿವಿ ಊದಿದ್ರು. ಈಗ ಅವರ ಬಾಯಿ ಮುಚ್ಚಿಸ್ತೀನಿ ಅಂತ ಅಮ್ಮ ಟೊಂಕ ಕಟ್ಟಿ ನಿಂತಿದ್ದಾರೆ."

ಅವಳು ಮೇಜಿನ ಮೇಲಿದ್ದ ಗುಂಡಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು.

"ಏನಾದ್ರೂ ಮಾತಾಡೇ."

"ಕೇಳಿಸ್ಕೊಳ್ತಿದ್ದೀನಿ."

"ಸರಿ, ಆಮೇಲೆ ಮಾಡ್ತೀನಿ. ಲಿಫ್ಟೊಳಗೆ ಯಾರೋ ಸಿಕ್ಕಿಹಾಕ್ಕೊಂಡು ಬಡೀತಾ ಇದ್ದಾರೆ."

ಫೋನು ನಿಂತ ಮೇಲೂ ಅವಳು ಅದನ್ನು ಕಿವಿಗೇ ಹಿಡಿದುಕೊಂಡಿದ್ದಳು. ಐವತ್ತು ಎಂಬುದು ಈಗ ಅವಳ ಮಾತಾಗಿ ಉಳಿದಿರಲಿಲ್ಲ. ಅತ್ತೆಯಾಗುವವಳು ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದಳು. ಅಪ್ಪನನ್ನು ಕೇಳಿ ಫಲವಿಲ್ಲ. ಅಪ್ಪ ಗೋದಾಮಿನ ಕಾವಲುಗಾರ. ಅವನ ನಾಲಗೆಗೂ ಅಲ್ಲಿಯ ಬಾಗಿಲಿನಷ್ಟೇ ದೊಡ್ಡ ಬೀಗ. ನೆಂಟರನ್ನು ಕರೆಯೋಣವೇ ಎಂದು ಅವಳು ಮಾತೆತ್ತಿದ್ದಕ್ಕೆ, "ಕಷ್ಟಕ್ಕೆ ಬಾರದವರು ಊಟಕ್ಕೆ ಯಾಕೆ?" ಎಂದು ಟಾರ್ಚಿನ ಸೆಲ್ಲು ಬದಲಾಯಿಸುತ್ತ ಕೂತಿದ್ದ. ಛತ್ರ, ಅಡುಗೆಯವರು, ಹೂವು, ಫೋಟೋ, ಕಾರ್ಡು ಎಲ್ಲಕ್ಕೂ ಅವಳೇ ಓಡಾಡಬೇಕಿತ್ತು. ಹೋದಲ್ಲೆಲ್ಲ, "ದೊಡ್ಡವರು ಯಾರೂ ಬಂದಿಲ್ವಾ?" ಎಂದು ಅವಳ ಬೆನ್ನ ಹಿಂದೆ ಇಣುಕಿ ನೋಡುತ್ತಿದ್ದರು.

ಅಂದು ಸಂಜೆ ಫೋಟೋ ಸ್ಟುಡಿಯೋದ ಸರದಿ. ಫೋಟೋಗ್ರಾಫರು ಮಾತಿನ ಮಲ್ಲ. "ಗೆಳತಿಯರೆಲ್ಲ ಸೇರಿ ಬಿದ್ದು ಬಿದ್ದು ನಗೋ ಫೋಟೋ ಒಂದು ಇರಲೇಬೇಕು. ನಗು ಬರದಿದ್ರೆ ಚಿಂತೆ ಇಲ್ಲ, ನಾನೇ ಬೀಳ್ತೀನಿ. ಎಷ್ಟು ಜನ ಗೆಳತಿಯರು?"

"ಕೇಳಿ ಹೇಳ್ತೀನಿ," ಎಂದಳು.

ಅವನು ಮಾದರಿಗೆಂದು ದಪ್ಪ ಆಲ್ಬಮ್ಮೊಂದನ್ನು ಮುಂದೆ ತಳ್ಳಿದ. ಮಗುಚಿದ ಎರಡನೇ ಹಾಳೆಯಲ್ಲೇ ಅವಳ ಕೈ ನಿಂತಿತು. ಆ ನೆರಿಗೆ ಅವಳಿಗೆ ಗೊತ್ತು. ಅದನ್ನು ತೊಟ್ಟು ಒಂದು ಇಡೀ ಮಧ್ಯಾಹ್ನ ನಿಂತಿದ್ದಳು. ಮುಂದಿನ ಹಾಳೆಯಲ್ಲಿ ಎಡ ಭುಜ ಇಳಿಬಿದ್ದ ಮೇಷ್ಟ್ರಮ್ಮ. ಅದರ ಮುಂದಿನದರಲ್ಲಿ ಗಲ್ಲ ಎತ್ತಿದ ಔಷಧಿ ಅಂಗಡಿಯವಳು. ಊರಿನ ಅರ್ಧ ಮದುವಣಗಿತ್ತಿಯರು ಅಲ್ಲಿದ್ದರು.

"ಏನು, ಎಲ್ಲರೂ ಗೊತ್ತಿರೋ ಹಾಗಿದೆ?"

"ಗೊತ್ತು," ಎಂದಳು. ಅವರ ಬೆವರು ಎಲ್ಲಿ ಮೊದಲು ಒಸರುತ್ತದೆ, ಯಾರಿಗೆ ಕೊರಳಪಟ್ಟಿ ಬಿಗಿಯಾದರೆ ಆಗದು, ಅದೂ ಗೊತ್ತು. ಸ್ಟುಡಿಯೋದ ಮೆಟ್ಟಿಲು ಇಳಿಯುವಾಗ ಅವಳ ಎದೆ ಹಗುರಾಗಿತ್ತು. ಇಷ್ಟು ಜನ ಇದ್ದಾರಲ್ಲ, ತನಗೇ ಯಾಕೆ ಹೊಳೆಯಲಿಲ್ಲ!

ಮರುದಿನ ಅರ್ಧ ದಿನ ರಜೆ ಕೇಳಿ, ಮದುವೆಯ ಕಾರ್ಡುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು. ಮೊದಲು ಔಷಧಿ ಅಂಗಡಿ. ಗಾಜಿನ ಹಿಂದೆ ಗಲ್ಲ ಎತ್ತಿಕೊಂಡು ನಿಂತವಳು, "ಚೀಟಿ?" ಎಂದು ಕೈ ಚಾಚಿದಳು. ಇವಳು ಕಾರ್ಡು ಇಟ್ಟಳು. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ, "ಜಾಹೀರಾತಾದ್ರೆ ಬಾಗಿಲ ಹತ್ರ ಬೋರ್ಡಿದೆ ನೋಡಿ, ಅಲ್ಲಿ ಅಂಟಿಸಿ. ಅಂಟು ನೀವೇ ತರಬೇಕು," ಎಂದಳು. ಹಿಂದೆ ನಿಂತಿದ್ದ ಕೆಮ್ಮಿನ ಮುದುಕ ಪಕ್ಕಕ್ಕೆ ಸರಿಯುವಂತೆ ಸನ್ನೆ ಮಾಡಿದ. ಬೋರ್ಡಿನ ಮುಂದೆ ಒಂದು ಗಳಿಗೆ ನಿಂತು, ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಬಂದಳು.

ಕೆಲಸದ ಹೊತ್ತಿನಲ್ಲಿ ಹೋಗಿದ್ದು ತನ್ನದೇ ತಪ್ಪು ಎಂದುಕೊಂಡಳು. ಮೇಷ್ಟ್ರಮ್ಮನ ಮನೆಗೆ ಹೋದಳು. ಬಾಗಿಲು ತೆರೆದವಳ ಕಂಕುಳಲ್ಲಿ ಈಗ ಒಂದು ಮಗು. ಆ ಭಾರಕ್ಕೆ ಎಡ ಭುಜ ಇನ್ನಷ್ಟು ಇಳಿದಿತ್ತು. ಇವಳು ತಾನು ಹೊಲಿಗೆ ಅಂಗಡಿಯವಳೆಂದು ಹೇಳಿಕೊಂಡಳು.

"ಹೊಲಿಗೆ ಅಂಗಡಿಯಿಂದಾನಾ? ನಾನೇನೂ ಕೊಟ್ಟಿಲ್ವಲ್ಲ ಹೊಲಿಯೋಕೆ."

"ಇಲ್ಲ ಅಕ್ಕ. ನನ್ನ ಮದುವೆ. ನೀವು ಬರಬೇಕು."

"ಓ, ಒಳ್ಳೇದಾಗಲಿ." ಮೇಷ್ಟ್ರಮ್ಮ ಕಾರ್ಡು ತೆಗೆದುಕೊಂಡಳು. ಮಗು ಅದನ್ನು ಕಸಿದು ಬಾಯಿಗಿಟ್ಟುಕೊಂಡಿತು. "ತಪ್ಪು ತಿಳ್ಕೋಬೇಡ, ನಿನ್ನ ಗುರುತು ಹತ್ತಲಿಲ್ಲ ನನಗೆ. ನಮಗೆ ಹೇಗೆ ಪರಿಚಯ?"

ಕೇಳಿದ್ದು ಮೃದುವಾಗಿಯೇ. ಆ ಮೃದುತನಕ್ಕೇ ಅವಳ ಬಾಯಿ ಸಡಿಲವಾಯಿತು. "ನಿಮ್ಮ ಮದುವೆ ಗೌನು ಇದೆಯಲ್ಲ ಅಕ್ಕ, ಅದನ್ನ ಮೊದಲು ಹಾಕ್ಕೊಂಡಿದ್ದೇ ನಾನು. ಮೂರು ಸಲ. ನಿಮ್ಮ ಹಾಗೇ ಭುಜ ಇಳಿಸಿಕೊಂಡು ನಿಂತಿದ್ದೆ. ಅದಕ್ಕೇ ನಿಮಗೆ ಅಷ್ಟು ಚೆನ್ನಾಗಿ ಕೂತಿತು." ಹೇಳಿ, ಭುಜ ಇಳಿಸಿ ತೋರಿಸಿಯೂ ಬಿಟ್ಟಳು.

ಮೇಷ್ಟ್ರಮ್ಮ ತನ್ನ ಭುಜವನ್ನು ಮುಟ್ಟಿಕೊಂಡಳು. ಮುಖ ಕೆಂಪಗಾಯಿತು. "ನನ್ನ ಬಟ್ಟೇನ ನೀನು ಹಾಕ್ಕೊಂಡಿದ್ದಾ? ನನಗೆ ಒಂದು ಮಾತು ಹೇಳದೆ?" ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ, "ನಿನ್ನ ಮದುವೆ ಬಟ್ಟೇನ ಇನ್ಯಾರೋ ಮೊದಲು ತೊಟ್ಟು ಕಳಚಿಟ್ರೆ ನಿನಗೆ ಹೇಗನ್ನಿಸುತ್ತೆ, ಹೇಳು?"

ಅವಳು ನಿಜವಾಗಿಯೂ ಯೋಚಿಸಿ ನೋಡಿದಳು. "ನನ್ನದನ್ನ ತೊಟ್ಟು ನೋಡೋಕೆ ಯಾರೂ ಇಲ್ಲ ಅಕ್ಕ," ಎಂದಳು.

ಮೇಷ್ಟ್ರಮ್ಮ ಮಗುವಿನ ಬಾಯಿಂದ ಕಾರ್ಡು ಬಿಡಿಸಿ, ಜೊಲ್ಲನ್ನು ಸೆರಗಿಗೆ ಒರೆಸಿ, ಅವಳ ಕೈಗೇ ಕೊಟ್ಟು, ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡಳು.

ಅವಳು ಅಂಗಡಿ ಸೇರುವುದರೊಳಗೆ ಒಡತಿಗೆ ಮೇಷ್ಟ್ರಮ್ಮನ ಫೋನು ಬಂದು ಆಗಿತ್ತು. ಯಂತ್ರಗಳೆಲ್ಲ ತಲೆ ತಗ್ಗಿಸಿಕೊಂಡು ಓಡುತ್ತಿದ್ದವು. ಒಡತಿ ಕೂಗಾಡಲಿಲ್ಲ, ಅದೇ ಭಯವಾಯಿತು.

"ಉಂಡ ಮನೆ ಜಂತೆ ಎಣಿಸಿದೆಯಲ್ಲೇ. ಎಷ್ಟು ವರ್ಷದ ಗಿರಾಕಿ ಅವಳು! ನಾಳೆ ಊರಿಗೆಲ್ಲ ಹಬ್ಬುತ್ತೆ, ಇಲ್ಲಿ ಮದುವೆ ಬಟ್ಟೆ ಕೊಟ್ರೆ ಕೆಲಸದವಳು ಮೊದಲು ತೊಟ್ಕೋತಾಳೆ ಅಂತ. ವರ್ಷಗಟ್ಟಲೆ ತುಟಿ ಎರಡು ಮಾಡದವಳು, ಬಾಯಿ ಬಿಟ್ಟೂ ಬಿಟ್ಟೂ ಬಣ್ಣಗೇಡು ಮಾಡಿಬಿಟ್ಟೆ."

"ಅಕ್ಕ, ನಾನು ಕರೆಯೋಕೆ ಅಂತ..."

"ಗೊತ್ತು ಯಾಕೆ ಹೋದೆ ಅಂತ. ಐವತ್ತು ಕುರ್ಚಿ ತುಂಬಿಸೋಕೆ." ಒಡತಿ ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ನಾಳೆಯಿಂದ ಬರಬೇಡ. ಮದುವೆಗೆ ನಾನೂ ಬರಲ್ಲ. ನಿನ್ನ ಬಟ್ಟೆ ಹೊಲಿದುಕೊಡ್ತೀನಿ, ಕೊಟ್ಟ ಮಾತು ಅದು. ಹತ್ತು ಸ್ಟೂಲು."

ಆಗಲೇ ಇಬ್ಬರಿಗೂ ಗೊತ್ತಾದದ್ದು: ಇಷ್ಟು ವರ್ಷಗಳಲ್ಲಿ ಅವಳ ಅಳತೆಯನ್ನೇ ಯಾರೂ ತೆಗೆದಿರಲಿಲ್ಲ. ಒಡತಿ ಟೇಪು ಹಿಡಿದು ಬೆನ್ನಿಗೆ ಹೋದಳು, ನಿಂತಳು, ಎಡ ಭುಜದ ಮೇಲೆ ಪಟ್ಟನೆ ಒಂದು ಏಟು ಹಾಕಿದಳು.

"ಯಾರ ಥರ ನಿಂತಿದ್ದೀಯ? ನಿನ್ನ ಥರ ನಿಲ್ಲು."

ಅವಳು ಭುಜ ಎತ್ತಿದಳು. ಗಲ್ಲ ತಾನಾಗಿ ಮೇಲೆದ್ದಿತು. ಗಲ್ಲ ಇಳಿಸಿದಳು, ಬೆನ್ನು ಬಾಗಿತು. ಒಡತಿ ಕಾದಳು. ಎಷ್ಟು ಹೊತ್ತಾದರೂ ಆ ಮೈಗೆ ತನ್ನ ನಿಲುವು ಸಿಗಲೊಲ್ಲದು. ಕೊನೆಗೆ ಒಡತಿಯೇ ಎರಡೂ ತೋಳು ಹಿಡಿದು, ನೇರ ಮಾಡಿ, ಅಳತೆ ತೆಗೆದಳು. ಒಮ್ಮೆ ತೆಗೆದದ್ದನ್ನೇ ಮತ್ತೊಮ್ಮೆ ತೆಗೆದಳು. ಅವಳ ಬೆರಳಲ್ಲಿ ಈಗ ಸಿಟ್ಟಿರಲಿಲ್ಲ. ಆದರೆ ಆಡಿದ ಮಾತನ್ನು ಅವಳು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

ಬಾಗಿಲಲ್ಲಿ ಕಾಜಾ ತಾತ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿ, "ನನ್ನ ಅನ್ನ ಇಲ್ಲೇ ಇದೆಯಮ್ಮ," ಎಂದ. "ಅವಳು ಬರದೆ ನಾನೊಬ್ಬನೇ ಮದುವೆಗೆ ಬರೋ ಹಾಗಿಲ್ಲ."

"ಇರಲಿ ತಾತ," ಎಂದಳು.

ಮರುದಿನ ಬೆಳಗ್ಗೆ ಛತ್ರಕ್ಕೆ ಹೋದಳು. ಖಾಲಿ ಹಜಾರದಲ್ಲಿ ಮ್ಯಾನೇಜರು ಕೈ ಮೇಲೆತ್ತಿ ಫ್ಯಾನುಗಳ ಗಾಳಿ ಪರೀಕ್ಷಿಸುತ್ತಿದ್ದ. ಅವಳು ಹೇಳಿದ್ದನ್ನು ಎರಡು ಸಲ ಕೇಳಿಸಿಕೊಂಡ.

"ಒಬ್ಬರು ಅಂದ್ರೆ... ಒಬ್ಬರೇನಾ?"

"ಅಪ್ಪ."

ಅವನ ದೊಡ್ಡ ಗಂಟಲು ಇಳಿಯಿತು. "ನೋಡಮ್ಮ, ನನಗೂ ಹೆಣ್ಣುಮಕ್ಕಳಿದ್ದಾರೆ. ಒಂದು ಕೆಲಸ ಮಾಡ್ತೀನಿ. ಹುಡುಗನ ಕಡೆಯವರನ್ನೇ ಅರ್ಧ ಈ ಕಡೆ ಕೂರಿಸಿಬಿಡ್ತೀನಿ. ವೇದಿಕೆಯಿಂದ ನೋಡಿದ್ರೆ ಯಾರ ಕಡೆ ಯಾರು ಅಂತ ಯಾರಿಗೆ ಗೊತ್ತಾಗುತ್ತೆ?"

ಹಾಗೆ ಮಾಡಿದರೆ ಹಜಾರ ತುಂಬಿರುತ್ತಿತ್ತು. ಫೋಟೋದಲ್ಲೂ ತುಂಬಿರುತ್ತಿತ್ತು. ಅವಳು ಹಜಾರದ ಎಡ ಭಾಗವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಬೇಡ," ಎಂದಳು. "ಒಂದೇ ಕುರ್ಚಿ ಹಾಕಿ. ಅತ್ತೆಗೆ ನಾನೇ ಫೋನ್ ಮಾಡಿ ಹೇಳ್ತೀನಿ."

ಅವನು ತಲೆ ಕೆರೆದುಕೊಳ್ಳುತ್ತ ಆಫೀಸಿನ ಕೋಣೆಗೆ ಹೋದ. ಗೋಡೆಗೆ ಒರಗಿಸಿದ್ದ ಕುರ್ಚಿಗಳಲ್ಲಿ ಒಂದನ್ನು ಅವಳೇ ಎಳೆದು ತಂದು ಎಡಗಡೆ ಮುಂದಿನ ಸಾಲಿಗೆ ಹಾಕಿದಳು. ವೇದಿಕೆ ಅಪ್ಪನಿಗೆ ಕಾಣಿಸುವುದೋ ಇಲ್ಲವೋ ನೋಡಲೆಂದು ಕೂತಳು. ಚೆನ್ನಾಗಿ ಕಾಣುತ್ತಿತ್ತು. ಫೋನು ಕೈಗೆ ತೆಗೆದುಕೊಂಡಳು. ಅತ್ತೆಯ ನಂಬರು ಒತ್ತುವ ಮೊದಲು ಸ್ವಲ್ಪ ಹೊತ್ತು ಹಾಗೆಯೇ ಕೂತಿರೋಣ ಎನ್ನಿಸಿತು.

ನೆಲ ಒರೆಸುವ ಹೆಂಗಸು ಬಕೆಟ್ಟು ಎಳೆದುಕೊಂಡು ಹತ್ತಿರ ಬಂದಳು. "ಕಾಲು ಎತ್ತು ತಾಯಿ."

ಅವಳು ಎತ್ತಿದಳು.

"ಯಾವ ಕಡೆಯವಳು ನೀನು?"

"ಹುಡುಗಿ ಕಡೆ."

"ಅಬ್ಬಾ, ಇಷ್ಟು ಬೇಗ ಬಂದು ಕೂತಿದ್ದೀಯ! ಮದುವೆ ಮುಂದಿನ ವಾರ ಕಣೇ." ಹೆಂಗಸು ನಗುತ್ತ ಕುರ್ಚಿಯ ಕೆಳಗೆ ಒದ್ದೆ ಬಟ್ಟೆ ಎಳೆದಳು. "ಒಣಗೋವರೆಗೂ ಕಾಲು ಇಡಬೇಡ ಮತ್ತೆ."

ಅವಳು ಎರಡೂ ಕಾಲನ್ನು ನೆಲದಿಂದ ಮೇಲೆತ್ತಿಕೊಂಡೇ ಕೂತಳು. ಬಕೆಟ್ಟಿನ ಸದ್ದು ಹಜಾರದ ಆ ಕೊನೆಗೆ ಹೋಯಿತು. ತಲೆಯ ಮೇಲೆ ಒಂದು ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು, ಕುರ್ಚಿಯ ಸುತ್ತಲಿನ ಒದ್ದೆ ಅಂಚಿನಿಂದ ಒಳಕ್ಕೆ ಆರುತ್ತ ಬರುತ್ತಿತ್ತು.