ತಕ್ಕಡಿ ಹೊಲಕ್ಕೆ ಬಂತು

ಬೇಗೂರಿನಲ್ಲಿ ಕೇರಳದ ಹೆದ್ದಾರಿ ಪಕ್ಕದ ತರಕಾರಿ ಅಂಗಡಿಯನ್ನು ಮಲ್ಲಾಜಮ್ಮನ ಅತ್ತೆ ಶುರು ಮಾಡಿದ್ದು ಒಂದು ಮಂಕರಿ ಬದನೆಕಾಯಿಯಿಂದ. ಸ್ವಂತ ಹೊಲದಲ್ಲಿ ಅವತ್ತೇ ಕಿತ್ತದ್ದನ್ನು ಮಾತ್ರ ಮಾರಬೇಕು, ಮುಗಿದರೆ ಬಾಗಿಲು ಹಾಕಬೇಕು ಎಂಬುದು ಆಕೆಯ ಕಟ್ಟಳೆ.

ಆ ಭಾನುವಾರ ಮಧ್ಯಾಹ್ನದೊಳಗೇ ಅಂಗಡಿ ಬರಿದಾಗಿತ್ತು. ಕೇರಳದ ಕಾರುಗಳೆಲ್ಲ ಮಾರ್ಕೆಟ್ ತರಕಾರಿ ತುಂಬಿಕೊಂಡಿದ್ದ ಎದುರಿನ ಹೊಸ ಅಂಗಡಿಗೆ ತಿರುಗುತ್ತಿದ್ದವು.

"ಅವ್ವಾ, ಇಂಗೇ ಆದ್ರೆ ಗಿರಾಕಿ ಪೂರಾ ಅತ್ಲಾಗೇ ಓಯ್ತರೆ. ಮಾರ್ಕೆಟ್‌ನಿಂದ ತಂದು ತುಂಬ್ಬುಡನ," ಎಂದ ಮಗ ಸೋಮೇಶ್.

"ಆಮೇಲೆ ನಮ್ಗೂ ಅವ್ರಿಗೂ ಏನ್ಲಾ ಯತ್ವಾಸ?" ಎಂದರು ಮಲ್ಲಾಜಮ್ಮ.

ಅಷ್ಟರಲ್ಲಿ ಒಂದು ಕುಟುಂಬ ಬಂದು ಹೀರೇಕಾಯಿ ಕೇಳಿತು. ಸೊಸೆ ರೂಪಶ್ರೀ, "ಅಂಗ್ಡೀಲಿಲ್ಲ, ಚಪ್ಪರದಲ್ಲಿ ಅದೆ. ನೀವೇ ಕಿತ್ಕತೀರಾ?" ಎಂದು ಹಿಂದಿನ ಹೊಲದ ಗೇಟು ತೆಗೆದೇಬಿಟ್ಟಳು.

"ಬಳ್ಳೀನೇ ಕಿತ್ತಾಕ್ಬುಡ್ತರೆ ಕಣಮ್ಮಿ!" ಎಂದು ಮಲ್ಲಾಜಮ್ಮ ಹಿಂದೆಯೇ ಓಡಿದರು. ಕಾಯಿ ಸಿಕ್ಕವರ ಕೇಕೆ ರಸ್ತೆಗೂ ಕೇಳಿಸಿ, ಎದುರಿಗೆ ನಿಂತಿದ್ದ ಕಾರುಗಳಿಂದಲೂ ಜನ ಇತ್ತ ಬಂದರು.

"ಸ್ವಾಮೀ, ಎಳೀಬ್ಯಾಡಿ, ತೊಟ್ಟು ಮುರೀರಿ! ಆ ಎಳೇದ್ನ ಬುಡವ್ವಾ, ನಾಳೀಕೆ ಬಲೀತದೆ!" ಮಲ್ಲಾಜಮ್ಮ ಎಲ್ಲರನ್ನೂ ಗದರಿಸಿ, ಎಲ್ಲರಿಗೂ ಕಲಿಸಿ, ಗೇಟಿನತ್ತ ತಿರುಗಿ ಕೂಗಿದರು:

"ಸೋಮೇಸಾ, ನೋಡ್ತಾ ನಿಂತ್ಕಬ್ಯಾಡ ಕಣ್ಲಾ, ತಕ್ಕಡೀನ ಒಲಕ್ಕೇ ತಕಂಡ್ ಬಾ!"