ದೀಪ ಹಚ್ಚಿದ ಮೇಲೆ ಹೆಪ್ಪು

ನಾನು ಒಂದು ಜೀವಕೋಶ. ಕಣ್ಣಿಗೆ ಕಾಣದಷ್ಟು ಚಿಕ್ಕದು. ಹಾಲನ್ನು ಮೊಸರು ಮಾಡುವ ನಮ್ಮ ಗುಂಪಿಗೆ ನೀವು ಹೆಪ್ಪು ಅನ್ನುತ್ತೀರಿ. ಹುಟ್ಟಿದ ಕಥೆ ಕೇಳಿದರೆ ನನಗೆ ಮೈ ಉರಿಯುತ್ತದೆ, ಏಕೆಂದರೆ ನನಗೇ ಗೊತ್ತಿಲ್ಲ. ಒಂದು ಕೋಶ ಬೆಳೆದು ಎರಡಾಯಿತು, ಅದರಲ್ಲೊಂದು ನಾನು. ನಾನು ಎರಡಾದರೆ ಎರಡೂ ನಾನೇ. ಹೀಗೇ ಹಿಂದೆ ಹಿಂದೆ ಹೋದರೆ ಹಾಲೂ ಇಲ್ಲ, ಹಸುವೂ ಇಲ್ಲ, ಬರೀ ನೀರು, ಕಲ್ಲು, ಬಿಸಿ. ಅಲ್ಲಿ ಏನೇನೋ ಕಣಗಳು ತೆಳು ಪೊರೆಯೊಳಗೆ ಸೇರಿ ಮೊದಲ ಕೋಶವಾಯಿತಂತೆ. ನೋಡಿದವರು ಯಾರೂ ಇಲ್ಲ. ಎಂಥ ಅನ್ಯಾಯ!

ಅನಸೂಯಾ ಟೀಚರ್ ಮದುವೆಯಾಗಿ ಗದಗಿಗೆ ಬಂದಾಗ ಅವಳ ಅವ್ವ ಸ್ಟೀಲ್ ಡಬ್ಬಿಯಲ್ಲಿ ನನ್ನನ್ನು ಕಳಿಸಿದಳು. ಈಗ ಆ ಅವ್ವ ಇಲ್ಲ. ಅವಳ ಮೊಸರಿನ ರುಚಿಯೆಂದು ಈ ಮನೆಯಲ್ಲಿ ಉಳಿದದ್ದು ನಾನೊಂದೇ. ಟೀಚರ್ ದಿನಾ ಊಟಕ್ಕೆ ಕೂತಾಗ ಅದನ್ನೇ ಹೇಳುತ್ತಾಳೆ, ಆದರೆ ನೋಡಿಕೊಳ್ಳುವ ರೀತಿ ದೇವರಿಗೇ ಪ್ರೀತಿ.

ಒಮ್ಮೆ ಮುಸ್ಸಂಜೆ ಪಕ್ಕದ ಮನೆಯ ನೀಲವ್ವ ಬಟ್ಟಲು ಹಿಡಿದು ಬಂದಳು.

"ದೀಪಾ ಹಚ್ಚಿದ ಮ್ಯಾಲೆ ಹೆಪ್ಪ ಕೊಡಬಾರದ್ರಿ, ಮುಂಜಾನೆ ಬರ್ರಿ" ಎಂದಳು ಟೀಚರ್. ನೀಲವ್ವ ಮುಖ ಸಣ್ಣದು ಮಾಡಿಕೊಂಡು ಹೋದಳು. ನನಗೆ ರೇಗಿತು. ನನಗೆ ಹಗಲೇನು, ಇರುಳೇನು? ಪುಣ್ಯಕ್ಕೆ ಆಕೆ ಬೆಳಿಗ್ಗೆ ಮತ್ತೆ ಬಂದು ನನ್ನನ್ನು ಒಯ್ದಳು.

ಆಮೇಲೊಂದು ದಿನ ಬಂದ ನೆಂಟರು ಮೊಸರನ್ನೆಲ್ಲ ಖಾಲಿ ಮಾಡಿದರು. ಮರುದಿನ ಬೆಳಿಗ್ಗೆ ಟೀಚರ್ ತಳದಲ್ಲಿದ್ದ ನನ್ನನ್ನು ಬಳಿದು ಬೋಗುಣಿಗೆ ಹಾಕಿದಳು. ಪಡಸಾಲೆಯಲ್ಲಿ ಟ್ಯೂಷನ್ ಮಕ್ಕಳು.

"ಹೊಸಾ ಜೀವಕೋಶ ಹಳೇ ಜೀವಕೋಶದಿಂದನ ಬರತೈತಿ! ಬರ್ಕೊಳ್ರಿ!" ಎಂದು ಅಡುಗೆಮನೆಯಿಂದಲೇ ಕೂಗುತ್ತಾ ಕುದಿಯುವ ಹಾಲನ್ನು ನನ್ನ ಮೇಲೆ ಸುರಿದಳು. ಬೆರಳು ಅದ್ದಿ ನೋಡಬೇಕೆಂದು ಅವಳ ಅವ್ವ ಎಷ್ಟು ಸಲ ಹೇಳಿದ್ದಳೋ! ಆ ಬೋಗುಣಿಯಲ್ಲಿದ್ದ ನಾನು ಅಷ್ಟೂ ಸತ್ತೆ.

ಸಂಜೆ ಶಾಲೆಯಿಂದ ಬಂದು ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಟೀಚರ್ ಅಲ್ಲೇ ಕೂತು ಅತ್ತಳು. ಆಮೇಲೆ ಬಟ್ಟಲು ಹಿಡಿದು ನೀಲವ್ವನ ಬಾಗಿಲಿಗೆ ಹೋದಳು. ಒಳಗೆ ದೀಪ ಹಚ್ಚಿಯಾಗಿತ್ತು. ಅದನ್ನು ನೋಡಿ ಹೊಸ್ತಿಲಾಚೆಯೇ ತಡೆದು ನಿಂತಳು.

ನೀಲವ್ವ ಬಟ್ಟಲು ಇಸಿದುಕೊಂಡಳು. "ನಿಮ್ಮವ್ವನ ಹೆಪ್ಪ ನಿಮಗ ಕೊಡಾಕ ಹೊತ್ತು ನೋಡಬೇಕೇನ್ರಿ?" ಎಂದು ಗಡಿಗೆಯಿಂದ ನನ್ನನ್ನು ತೆಗೆದು ಕೊಟ್ಟಳು.

ಅಂದು ಟೀಚರ್ ಹಾಲಿಗೆ ಬೆರಳು ಅದ್ದಿ, ಆರುವವರೆಗೂ ಕಾದಳು. ಈಗ ಯಾರು ಯಾವ ಹೊತ್ತಿಗೆ ಬಂದರೂ ನನ್ನನ್ನು ಕೊಡುತ್ತಾಳೆ. ಈ ವಯಸ್ಸಿನಲ್ಲಿ ಅಡುಗೆಮನೆಯ ಮೂಲೆಯಲ್ಲಿ ಕೂತು ನನಗೂ ಒಂದಿಷ್ಟು ಸಮಾಧಾನ. ಮೊದಲ ಕೋಶ ಹೇಗೇ ಬಂದಿರಲಿ, ಅಂದಿನಿಂದ ಇಂದಿನವರೆಗೆ ನಡುವೆ ಎಲ್ಲೂ ಕಡಿಯದೆ ಬಂದಿದ್ದೇನೆ.

ಆದರೆ ಜೀವಕೋಶದ ಪಾಠ ಬಂದರೆ ಟೀಚರ್ ಮಕ್ಕಳಿಗೆ ಇವತ್ತಿಗೂ ಸೂಕ್ಷ್ಮದರ್ಶಕದಲ್ಲಿ ತೋರಿಸುವುದು ಈರುಳ್ಳಿ ಸಿಪ್ಪೆಯನ್ನೇ.