ಬೀಗಗಲ್ಲಿನ ಕೆಳಗೆ

ಗಂಡನ ಉಗುರಿನ ಸಂದಿಯಲ್ಲಿ ಸೇರಿಕೊಂಡಿದ್ದ ಸುಣ್ಣವನ್ನು ಅವಳು ಸೂಜಿಯ ಮೊನೆಯಿಂದ ಬಿಡಿಸುತ್ತಿದ್ದಳು. ಎಡಗೈ ಮುಗಿದಿತ್ತು. ಬಲಗೈಯ ಹೆಬ್ಬೆರಳಿಗೆ ಬಂದಾಗ ಮಗ ಒಳಗೆ ಬಂದು, ಅಪ್ಪನ ಕೆಲಸದ ಅಂಗಿ ಎಲ್ಲಿದೆ ಎಂದು ಕೇಳಿದ.

"ಅದ್ಯಾಕೆ ಈಗ?"

"ಕಮಾನಿನ ಕೆಳಗೆ ನಿಲ್ಲೋದು ನಾನೇ ಅಲ್ವಾ. ಅಂಗಿ ಅಪ್ಪಂದೇ ಆಗಿರಬೇಕು ಅಂತ ಬಡಗಿ ಮಾಮ ಹೇಳಿದ್ರು."

ಸೂಜಿ ಜಾರಿ ಗಂಡನ ಹೆಬ್ಬೆರಳಿಗೆ ಚುಚ್ಚಿತು. ರಕ್ತ ಬರಲಿಲ್ಲ. ಚುಚ್ಚಿದ್ದು ತನಗೇ ಎಂಬಂತೆ ಅವಳು ಕೈ ಹಿಂದಕ್ಕೆಳೆದುಕೊಂಡಳು. ಅಚ್ಚು ಇವತ್ತೇ ತೆಗೀತಾರಾ ಎಂದು ಕೇಳಿದಳು. ಇವತ್ತೇ, ಮಣ್ಣಿಗೆ ಹೋಗುವ ದಾರಿಯಲ್ಲೇ ಎಂದು ಹೇಳಿ ಅವನು ಗೂಟದ ಮೇಲಿನ ಬಟ್ಟೆಗಳನ್ನು ತಡಕತೊಡಗಿದ. ಅಂಗಿ ಅವಳ ತೊಡೆಯ ಕೆಳಗೇ ಇತ್ತು. ಬೆಳಗಿನಿಂದ ಅದನ್ನು ಬಚ್ಚಿಟ್ಟುಕೊಂಡು ಕೂತಿದ್ದಳು.

ಕಮಾನು ಕಟ್ಟುವವರಲ್ಲಿ ಇದು ಹಿಂದಿನಿಂದ ನಡೆದುಬಂದದ್ದು. ಕಬ್ಬಿಣ, ಸಿಮೆಂಟು ಏನೂ ಇಲ್ಲದೆ ಕಲ್ಲಿಗೆ ಕಲ್ಲು ಒರಗಿಸಿ ಕಟ್ಟುವ ಕಮಾನು ನೆತ್ತಿಯ ಕಲ್ಲು ಕೂರುವ ತನಕ ತಾನಾಗಿ ನಿಲ್ಲುವುದಿಲ್ಲ. ಅಡಿಯಲ್ಲಿ ಮರದ ಅಚ್ಚು ಹೊತ್ತಿರಬೇಕು. ನೆತ್ತಿಯ ಕಲ್ಲಿಗೆ ಬೀಗಗಲ್ಲು ಎಂದು ಹೆಸರು. ಅದು ಕೂತು, ಸುಣ್ಣ ಹಿಡಿದ ಮೇಲೆ ಬಡಗಿ ಬಂದು ಬೆಣೆಗಳನ್ನು ಬಡಿದು ತೆಗೆಯುತ್ತಾನೆ, ಅಚ್ಚು ಕೆಳಗಿಳಿಯುತ್ತದೆ. ಆ ಹೊತ್ತಿನಲ್ಲಿ ಬೀಗಗಲ್ಲು ಇಟ್ಟ ಮೇಸ್ತ್ರಿ ಅದರ ಕೆಳಗೇ ನಿಂತಿರಬೇಕು. ಕೆಲಸ ಕೆಟ್ಟಿದ್ದರೆ ಮೊದಲ ಕಲ್ಲು ಅವನ ತಲೆಯ ಮೇಲೇ ಬೀಳಲಿ ಎಂದು. ಅಷ್ಟರೊಳಗೆ ಅವನು ತೀರಿಕೊಂಡರೆ ಹೆಣವನ್ನು ಅಲ್ಲಿಟ್ಟು, ಪಕ್ಕದಲ್ಲಿ ಮನೆಯವರೊಬ್ಬರು ನಿಲ್ಲುತ್ತಾರೆ. ಕಮಾನನ್ನು ಮರದ ಮೇಲೆ ಬಿಟ್ಟು ಮಣ್ಣಿಗೆ ಹೋದವನು ಎನ್ನಿಸಿಕೊಳ್ಳುವುದು ಆ ಕಸುಬಿನಲ್ಲಿ ಹೇಳಿಕೊಳ್ಳಲಾಗದ ಅವಮಾನ.

ಇವೆಲ್ಲ ಅವಳಿಗೆ ಗೊತ್ತಿದ್ದದ್ದೇ. ಗಂಡ ಹಾಗೆ ನಿಂತದ್ದನ್ನು ಎಷ್ಟೋ ಸಲ ನೋಡಿದ್ದಳು. ನಿಂತು ಬಂದವನಿಗೆ, ಇನ್ನೇನು ನಾನು ಎರಡನೇ ಮದುವೆಗೆ ವರ ಹುಡುಕಬೇಕಿತ್ತು ಎಂದು ತಮಾಷೆ ಮಾಡಿದ್ದಳು. ಈಗ ಮಾತ್ರ ಅಂಗಿಯನ್ನು ಇನ್ನಷ್ಟು ಒಳಗೆ ತಳ್ಳಿಕೊಂಡಳು.

ಹೊರಗೆ ಬೆಂಚುಗಳ ಮೇಲೆ ಜನ ಸೇರಿದ್ದರು. ಬಡಗಿಯ ಗಂಟಲು ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಅವನು ಸತ್ತವನ ಹಳೆಯ ಸ್ನೇಹಿತ, ಅವನ ಕಮಾನುಗಳಿಗೆಲ್ಲ ಅಚ್ಚು ಕಟ್ಟಿಕೊಟ್ಟವನು. ದುಃಖವಾದಾಗ ಹೆಚ್ಚು ಮಾತಾಡುವ ಜಾತಿ.

"ಹೆಂಡತಿ ಬುತ್ತಿ ತರದೆ ಒಂದು ದಿನ ಕಲ್ಲು ಮುಟ್ಟಿದವನಲ್ಲ. ಬೆಳಗ್ಗೇನೇ ಬಂದು ಆ ಯಮ್ಮ ನೆರಳಲ್ಲಿ ಕೂತ್ಕೋಬೇಕು, ಇವನು ಕಲ್ಲು ತಟ್ಟೋದು, ಅವಳ ಮುಖ ನೋಡೋದು. ತಟ್ಟೋದು, ನೋಡೋದು. ಮೊಮ್ಮಕ್ಕಳಾಗೋ ವಯಸ್ಸಲ್ಲಿ ಇದೇನಯ್ಯಾ ನಿಂದು ಅಂತ ಕೇಳಿದ್ರೆ ನಗೋನು."

ಜನ ಮೆಲ್ಲಗೆ ನಕ್ಕರು. ಅವಳಿಗೆ ಕೆಲಸದವರು ಇಟ್ಟ ಹೆಸರೇ ಬುತ್ತಿಯಮ್ಮ. ಗೋಡೆಯ ಈಚೆ ಕೂತು ಬುತ್ತಿಯಮ್ಮ ನಗಲಿಲ್ಲ.

*

ಗಂಡನಿಗೆ ಕಿವಿ ಹೋದದ್ದು ಮೊದಲು ತಿಳಿದದ್ದು ಅವಳಿಗೆ. ಹಾಲು ಉಕ್ಕಿ ಒಲೆ ಚುರುಗುಟ್ಟುತ್ತಿದ್ದರೂ ಪಕ್ಕದಲ್ಲೇ ಕೂತು ಉಳಿ ಮಸೆಯುತ್ತಿದ್ದ. ಅವಳು ಬೈದಳು; ಬೈದದ್ದೂ ಕೇಳಲಿಲ್ಲ. ಹತ್ತಿರ ಬಂದು ಭುಜ ಮುಟ್ಟಿದಾಗ ತಲೆಯೆತ್ತಿ ನೋಡಿದ ನೋಟದಲ್ಲಿ, ಸಿಕ್ಕಿಬಿದ್ದ ಹುಡುಗನ ಅಳುಕಿತ್ತು.

ಕಲ್ಲಿನವನಿಗೆ ಕಣ್ಣು ಮಂಜಾದರೂ ನಡೆಯುತ್ತದೆ, ಕೈ ನಡುಗಿದರೂ ಇನ್ನೊಬ್ಬನಿಂದ ಕೆತ್ತಿಸಬಹುದು. ಕಿವಿ ಹೋದರೆ ಮುಗಿಯಿತು. ಕಲ್ಲಿನ ಹೊಟ್ಟೆಯೊಳಗಿನ ಒಡಕು ಕಣ್ಣಿಗೆ ಕಾಣುವಂಥದ್ದಲ್ಲ. ಸುತ್ತಿಗೆಯಿಂದ ತಟ್ಟಿ ಕೇಳಬೇಕು: ಗಟ್ಟಿ ಕಲ್ಲು ಟಣ್ಣೆನ್ನುತ್ತದೆ, ಒಡಕಿನದು ಥಪ್ಪೆನ್ನುತ್ತದೆ. ಕಿವುಡನ ಕೈಗೆ ಕಮಾನು ಕೊಡುವ ಮೂರ್ಖ ಎಲ್ಲೂ ಇಲ್ಲ.

"ಯಾರಿಗೂ ಹೇಳಬೇಡ," ಎಂದಿದ್ದ. "ಮಗನಿಗೂ."

ಮಗ ಇನ್ನೂ ಗೋಡೆ ಕೆಲಸದಲ್ಲಿದ್ದ, ಕಮಾನಿಗೆ ಕೈಹಾಕಿರಲಿಲ್ಲ. ಕಲಿತು ಮುಗಿಸಲಿ, ಆಮೇಲೆ ಹೇಳೋಣ ಎಂದ. ಅವಳಿಗೆ ಸಿಟ್ಟು ಬಂದಿತ್ತು. ಬೇರೆ ಏನು ಮಾಡುವುದೆಂದು ಮಾತ್ರ ತೋಚಲಿಲ್ಲ. ಅಂಗಡಿಯಲ್ಲಿ ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಸೀಳಿದ್ದನ್ನು ವಾಪಸು ಇಡುವುದು ಅವಳ ಹಳೆಯ ಅಭ್ಯಾಸ. ಕಲ್ಲೂ ಅಷ್ಟೇ ಎಂದು ಅವನು ಹಿತ್ತಿಲಲ್ಲಿ ಒಂದಷ್ಟು ತುಂಡುಗಳನ್ನಿಟ್ಟು ಹೇಳಿಕೊಟ್ಟ. ಮರುದಿನದಿಂದ ಬುತ್ತಿ ಹಿಡಿದು ಕೆಲಸದ ಜಾಗಕ್ಕೆ ಬಂದಳು. ಅವನು ತಟ್ಟಿ ಅವಳತ್ತ ನೋಡುವನು. ಗಟ್ಟಿಯಾಗಿದ್ದರೆ ತಲೆಯಾಡಿಸುವಳು. ಒಡಕಿದ್ದರೆ ಕಿವಿಯ ಹಿಂದಕ್ಕೆ ಕೂದಲು ಸರಿಸುವಳು. ಆ ಕಲ್ಲನ್ನು ಅವನು ಯಾವುದೋ ನೆಪ ಹೇಳಿ ಪಕ್ಕಕ್ಕೆ ಉರುಳಿಸುವನು.

ಹಾಗೆ ಎಷ್ಟೋ ಕಮಾನುಗಳಾದವು. ಅವಳು ಒಂದೂ ಕಲ್ಲು ತಪ್ಪಿಸಲಿಲ್ಲ. ಜನ ಅಣಕಿಸಿದರು, ಅವಳು ಅಣಕಿಸಿಕೊಂಡಳು. ಮನೆಗೆ ಹೋಗುವ ದಾರಿಯಲ್ಲಿ ಅವನು ಅವಳ ಕೈ ಹಿಡಿದುಕೊಳ್ಳುತ್ತಿದ್ದ. ಮೊದಲೆಲ್ಲ ಹಾಗೆ ಮಾಡುವವನೇ ಅಲ್ಲ. ಹಿಂದಿನಿಂದ ಬರುವ ಗಾಡಿ ಕೇಳುವುದಿಲ್ಲ, ಅದಕ್ಕೆ ಎಂದು ಕಾರಣ ಬೇರೆ ಕೊಡುತ್ತಿದ್ದ.

*

ಕೊನೆಯ ಕಮಾನು ನೃತ್ಯಶಾಲೆಯ ತೋಟದ್ದು. ಹಳೆಯ ಕಾಲದ ತೋಟ. ನೂಲು ಹಿಡಿದಂತೆ ಕತ್ತರಿಸಿದ ಬೇಲಿಗಿಡ, ನಡುವೆ ನೇರವಾದ ನೀರಿನ ಕಾಲುವೆ, ಅದರ ತುದಿಗೆ ನೃತ್ಯಮಂಟಪ. ಮಂಟಪದ ಮುಂದಿನ ಕಮಾನು ಬಿರುಕುಬಿಟ್ಟಿತ್ತು. ಹಳೆಯ ರೀತಿಯಲ್ಲೇ ಕಟ್ಟಬಲ್ಲವರು ಯಾರಿದ್ದಾರೆಂದು ಹುಡುಕಿಕೊಂಡು ನೃತ್ಯದ ಟೀಚರ್ ಮನೆಗೇ ಬಂದಿದ್ದಳು. ಇದೊಂದು ಮುಗಿಸಿ ನಿಲ್ಲಿಸಿಬಿಡ್ತೀನಿ ಎಂದು ಅವನು ಹೆಂಡತಿಗೆ ಮಾತು ಕೊಟ್ಟ.

ಬೀಗಗಲ್ಲು ಇಡುವ ದಿನ ಅವನಿಗೆ ಬೆಳಗಿನಿಂದಲೇ ಏದುಸಿರು. ಕಲ್ಲು ಅಟ್ಟಣೆಯ ಮೇಲೆ ಸಿದ್ಧವಿತ್ತು. ಅವನು ಸುತ್ತಿಗೆಯೆತ್ತಿದಾಗ ಮಂಟಪದೊಳಗೆ ಮದ್ದಳೆ ಶುರುವಾಯಿತು. ಹುಡುಗಿಯರು ಸಾಲಾಗಿ ನಿಂತು ಹಲಗೆಯ ನೆಲವನ್ನು ಪಾದಗಳಿಂದ ಕುಟ್ಟತೊಡಗಿದರು. ಅವನು ತಟ್ಟಿದ. ಅವಳಿಗೆ ಪಾದಗಳಷ್ಟೇ ಕೇಳಿಸಿದವು. ಅವನಿಗೆ ಯಾವುದೂ ಕೇಳಿಸಿರಲಿಲ್ಲ, ಅವಳತ್ತ ನೋಡಿದ. ಇನ್ನೊಮ್ಮೆ ಎಂಬಂತೆ ಅವಳು ಬೆರಳೆತ್ತಿದಳು. ಮತ್ತೆ ತಟ್ಟಿದ. ಮತ್ತೆ ಪಾದಗಳು, ಮದ್ದಳೆ, ಏರುದನಿಯಲ್ಲಿ ಟೀಚರ್ ಎಣಿಸುವ ತಾಳ. ಅಟ್ಟಣೆಯ ಮೇಲೆ ಅವನ ಎದೆ ಏರಿಳಿಯುವುದು ಕೆಳಗಿನಿಂದಲೇ ಕಾಣುತ್ತಿತ್ತು. ಸುತ್ತಿಗೆ ಹಿಡಿದ ಕೈ ಜೋಲುಬಿದ್ದಿತ್ತು. ಹಗ್ಗ ಹಿಡಿದ ಕೆಲಸದವರು ಇವರಿಬ್ಬರ ಮುಖವನ್ನೇ ನೋಡುತ್ತಿದ್ದರು. ಕುಣಿತ ನಿಲ್ಲಿಸಿ ಎಂದರೆ ಯಾಕೆಂದು ಕೇಳುತ್ತಾರೆ. ಇವನು ಒಮ್ಮೆ ಕೆಳಗಿಳಿದು ಕೂತರೆ ಸಾಕು ಎನ್ನಿಸಿತು ಅವಳಿಗೆ.

ತಲೆಯಾಡಿಸಿದಳು.

ಅವನು ನಕ್ಕು ಕಲ್ಲನ್ನು ನೆತ್ತಿಯ ಸಂದಿಗೆ ಇಳಿಸಿದ. ಮುಂದಿನ ವಾರ ಮುಂಜಾನೆ ಅವಳು ಎಬ್ಬಿಸಿದಾಗ ಏಳಲಿಲ್ಲ.

*

ಅವನನ್ನು ಹಲಗೆಯ ಮೇಲೆ ಮಲಗಿಸಿ ತೋಟದೊಳಗೆ ತಂದಾಗ ಬಿಸಿಲು ಏರಿತ್ತು. ಕಾಲುವೆಯ ಪಕ್ಕದ ದಾರಿಯಲ್ಲಿ ಅವಳು ಮಗನ ತೋಳು ಹಿಡಿದು ನಡೆದಳು. ಅವನು ಅಪ್ಪನ ಅಂಗಿ ತೊಟ್ಟಿದ್ದ. ಅವಳು ಬಚ್ಚಿಟ್ಟದ್ದನ್ನು ಬಡಗಿಯೇ ಎಳೆದು ತೆಗೆದುಕೊಟ್ಟಿದ್ದ. ಅಂಗಿಯ ತೋಳು ಸ್ವಲ್ಪ ಗಿಡ್ಡ. ಹಿಂದಿನಿಂದ ನೋಡಿದರೆ ಗಂಡನೇ ನಡೆಯುತ್ತಿದ್ದಂತೆ ಇತ್ತು.

ದೂರದಲ್ಲಿ ಕಮಾನು ಕಾಣಿಸಿದ್ದೇ ಅವಳ ಕಾಲು ನಿಂತುಹೋಯಿತು. ಹೇಳಿದರೆ ಸತ್ತವನ ಮಾನ ಹೋಗುತ್ತದೆ. ಹೇಳದಿದ್ದರೆ ಇವನು ಹೋಗಿ ಅಲ್ಲಿ ನಿಲ್ಲುತ್ತಾನೆ. ಬೆಳಗಿನಿಂದ ತೂಗಿ ತೂಗಿ ಸಾಕಾಗಿತ್ತು. ತೂಗುವುದೇನು ಬಂತು ಎಂದು ಆಗ ಅನ್ನಿಸಿತು. ಉಳಿದವರನ್ನು ಮುಂದೆ ಹೋಗಲು ಬಿಟ್ಟು ಮಗನನ್ನು ಬೇಲಿಗಿಡದ ಮರೆಗೆ ಎಳೆದಳು.

"ನಿಮ್ಮಪ್ಪನಿಗೆ ಕಿವಿ ಕೇಳಿಸ್ತಿರಲಿಲ್ಲ. ಕಲ್ಲು ಕೇಳ್ತಿದ್ದದ್ದು ನಾನು."

ಅವನು ಅವಳ ಮುಖವನ್ನೇ ನೋಡಿದ. ಬುತ್ತಿ, ನೆರಳು, ತಟ್ಟೋದು, ನೋಡೋದು, ಎಲ್ಲ ಒಂದೊಂದಾಗಿ ಅವನ ಕಣ್ಣಲ್ಲಿ ಕೂಡಿಕೊಳ್ಳುವುದು ಅವಳಿಗೆ ಕಂಡಿತು. ಅಪ್ಪ ಕಟ್ಟಿದ ಕಮಾನುಗಳು ಎಂದು ತೊದಲಿದ. ಶಾಲೆಯ ಬಾಗಿಲು, ಸೇತುವೆ, ಸಂತೆಕಟ್ಟೆ.

"ಅವೆಲ್ಲ ಗಟ್ಟಿ. ಒಂದೊಂದು ಕಲ್ಲೂ ಕೇಳಿದೀನಿ. ಇದರದ್ದೂ ಮಿಕ್ಕ ಎಲ್ಲಾ ಕೇಳಿದೀನಿ. ಬೀಗಗಲ್ಲು ಒಂದು ಕೇಳಲಿಲ್ಲ. ಒಳಗೆ ಕುಣೀತಿದ್ರು. ಕೇಳದೇ ತಲೆಯಾಡಿಸಿಬಿಟ್ಟೆ."

ಈಗ ಹತ್ತಿ ತಟ್ಟಿ ನೋಡೋಣ ಎಂದ. ಕೂತ ಕಲ್ಲು ಮಾತಾಡುವುದಿಲ್ಲ, ಅಕ್ಕಪಕ್ಕದವು ಅದರ ಬಾಯಿ ಮುಚ್ಚಿರುತ್ತವೆ. ಅದು ಅವನಿಗೂ ಗೊತ್ತಿತ್ತು. ಹಾಗಾದರೆ ಇವತ್ತು ಬೇಡ, ನಿಲ್ಲಿಸೋಣ ಎಂದ. ನಿಲ್ಲಿಸಿದರೆ ಯಾಕೆಂದು ಕೇಳುತ್ತಾರೆ, ಹೇಳಬೇಕಾಗುತ್ತದೆ, ಅವನು ಕಟ್ಟಿದ್ದನ್ನೆಲ್ಲ ಕೆಡವಿಸುತ್ತಾರೆ ಎಂದಳು ಅವಳು. ಒಡಕಿದ್ದರೆ ಅಚ್ಚು ಇಳಿದು ಭಾರ ಬಿದ್ದ ಗಳಿಗೆಯಲ್ಲೇ ಬಾಯಿಬಿಡುತ್ತದೆ. ಇಲ್ಲವಾದರೆ ಇನ್ನೆಂದೂ ಇಲ್ಲ.

"ಅದಕ್ಕೆ ಅಪ್ಪನ ಜೊತೆಗೆ ಯಾರಾದ್ರೂ ನಿಲ್ಲಲೇಬೇಕಾ?"

"ಕಲ್ಲು ಇಟ್ಟವರು ನಿಲ್ಬೇಕು. ಹೂಂ ಅಂದದ್ದು ನಾನು. ಅಂಗಿ ಬಿಚ್ಚು."

ಅವನು ಬಿಚ್ಚಲಿಲ್ಲ. ಅವಳೇ ಗುಂಡಿಗಳಿಗೆ ಕೈಹಾಕಿದಳು, ಚಿಕ್ಕವನಿದ್ದಾಗ ಶಾಲೆಯಿಂದ ಬಂದವನಿಗೆ ಬಿಚ್ಚುತ್ತಿದ್ದಂತೆ. ಒಂದು ಗುಂಡಿ ಕಿತ್ತುಬಂತು. ಹಾಗಾದರೆ ಇಬ್ಬರೂ ನಿಲ್ಲೋಣ ಎಂದ ಅವನು, ಅಳುತ್ತಾ.

"ನೀನಿದ್ರೆ ನಂಗೆ ಕಲ್ಲು ಕೇಳಿಸಲ್ಲ ಕಣೋ. ಬರೀ ನಿನ್ನ ಉಸಿರೇ ಕೇಳಿಸುತ್ತೆ."

ಗಂಡನ ಅಂಗಿ ತೊಟ್ಟು ಅವಳು ಬಂದದ್ದನ್ನು ನೋಡಿ ಗುಂಪಿನಲ್ಲಿ ಗುಸುಗುಸು ಎದ್ದಿತು. ಇಷ್ಟು ವರ್ಷದಲ್ಲಿ ಹೆಂಗಸರು ಯಾರೂ ನಿಂತಿಲ್ಲ ಎಂದು ಬಡಗಿ ರಾಗ ಎಳೆದ. ಅವಳ ಮುಖ ನೋಡಿದ ಮೇಲೆ ಸುಮ್ಮನಾಗಿ, ಬುತ್ತಿಯಮ್ಮ ಕೊನೇ ದಿನಾನೂ ಅವನನ್ನ ಒಬ್ಬನೇ ಬಿಡಲ್ವಂತೆ ಎಂದು ಗುಂಪಿಗೆ ಹೇಳಿ ಕಣ್ಣೊರೆಸಿಕೊಂಡ. ಎಲ್ಲರೂ ಒರೆಸಿಕೊಂಡರು. ಅದನ್ನು ಪ್ರೀತಿ ಅಂದುಕೊಂಡರು. ಪ್ರೀತಿ ಇರಲಿಲ್ಲವೆಂದಲ್ಲ, ಆ ಹೊತ್ತಿನಲ್ಲಿ ಅವಳಲ್ಲಿ ಹೆದರಿಕೆ ಬಿಟ್ಟು ಬೇರೆಯದಕ್ಕೆ ಜಾಗ ಉಳಿದಿರಲಿಲ್ಲ. ಓಡಿಹೋಗಬೇಕೆನ್ನಿಸುತ್ತಿತ್ತು.

ಟೀಚರ್ ಮುಂದೆ ಬಂದು, ಅಚ್ಚು ಇಳಿಯುವಾಗ ಮೇಸ್ತ್ರಿಯ ಗೌರವಕ್ಕೆ ಹುಡುಗಿಯರು ಮಂಟಪದಲ್ಲಿ ಒಂದು ನೃತ್ಯ ಮಾಡುತ್ತಾರೆ ಎಂದಳು. ಹುಡುಗಿಯರು ಆಗಲೇ ಸಾಲಾಗಿ ನಿಂತಿದ್ದರು.

"ಆಮೇಲೆ ಮಾಡಲಿ," ಎಂದಳು ಅವಳು. "ಈಗ ಯಾರೂ ಒಂದು ಹೆಜ್ಜೆ ಕುಟ್ಟಬಾರದು."

ಕಮಾನಿನ ನಡುಮಧ್ಯಕ್ಕೆ ಹಲಗೆ ಇಳಿಸಿ ಹೊತ್ತವರು ಹೊರಗೆ ಸರಿದರು. ಅವಳು ಗಂಡನ ತಲೆಯ ಬಳಿ ಕೂತಳು. ನಿಲ್ಲಬೇಕಿತ್ತು, ಅವನ ಕೈ ಹಿಡಿಯಲೆಂದು ಕೂತಳು. ಮೇಲೆ ಅಚ್ಚಿನ ಹಲಗೆಗಳು, ಅದರ ಸಂದಿಯಲ್ಲಿ ಆ ಕಲ್ಲಿನ ಬೂದು ಅಂಚು. ಹೊರಗೆ ಬೇಲಿಗಿಡದ ಹತ್ತಿರ ಮಗನನ್ನು ಇಬ್ಬರು ಹಿಡಿದುಕೊಂಡಿದ್ದರು.

ಬಡಗಿ ಈ ಬದಿಯದೊಂದು, ಆ ಬದಿಯದೊಂದು ಬೆಣೆ ಬಡಿಯುತ್ತ ಬಂದ. ಪ್ರತಿ ಏಟಿಗೂ ಸುಣ್ಣದ ಪುಡಿ ಉದುರಿತು. ಅವಳ ಕೂದಲ ಮೇಲೆ, ಅವನ ಹಣೆಯ ಮೇಲೆ, ಮುಚ್ಚಿದ ರೆಪ್ಪೆಗಳ ಮೇಲೆ. ಒರೆಸಲು ಅವಳ ಕೈ ಏಳಲಿಲ್ಲ. ಅವನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಆ ಉಗುರಿನಲ್ಲಿ ಸುಣ್ಣ ಹಾಗೇ ಇತ್ತು. ಕೊನೆಯದು ಎಂದು ಬಡಗಿ ಕೂಗಿದ. ಅವಳು ಕಣ್ಣು ಮುಚ್ಚಿದಳು.

ಏಟು ಬಿತ್ತು. ಅಚ್ಚು ಒಂದು ಬೆರಳಷ್ಟು ಕುಸಿಯಿತು. ಮೇಲೆ ಕಲ್ಲಿಗೆ ಕಲ್ಲು ಉಜ್ಜಿದ ಸದ್ದು ಕರಕರನೆ ಎದ್ದು ಕಮಾನಿನ ಎರಡೂ ಹೆಗಲಿಗೆ ಇಳಿಯಿತು. ಹೊರಗೆ ಯಾರೋ ಅಯ್ಯೋ ಎಂದರು. ತೋಟದಲ್ಲಿ ಕಾಲುವೆಯ ನೀರಿನದೂ ಸದ್ದಿಲ್ಲ.

ಆಮೇಲೆ, ತಲೆಯ ನೇರಕ್ಕೆ, ಹೊಸ ಗಡಿಗೆಗೆ ಬೆರಳ ಗೆಣ್ಣು ತಾಕಿದಂತೆ ಸಣ್ಣದೊಂದು ಟಣ್.

ಅವಳು ಕಣ್ಣು ತೆರೆದಳು. ಹೊರಗಿನವರೆಲ್ಲ ಕಮಾನನ್ನು ನೋಡುತ್ತಿದ್ದರು. ಅವಳು ಅವನ ಮುಖದತ್ತ ಬಗ್ಗಿ, ಅವನಿಗೆ ಕಾಣುವ ಹಾಗೆ, ನಿಧಾನವಾಗಿ ತಲೆಯಾಡಿಸಿದಳು.